ಹೆರಿಗೆ ಕೋಣೆಯಲ್ಲೇ ಉಳಿಯುವ ಆಸೆ, 13,500 ರೂಪಾಯಿ ಸಂಬಳ: ಹೊಸ ಸಿಸ್ಟರ್ ಮುಂದಿರುವ ದಾರಿಗಳು

ಪ್ರಶ್ನೆ: ಮೇಡಂ, ನಾನು ಕೊಪ್ಪಳ ಜಿಲ್ಲೆಯವಳು, ವಯಸ್ಸು 22. ಕಳೆದ ವರ್ಷ ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿದೆ. ಹನ್ನೊಂದು ತಿಂಗಳಿಂದ ಹತ್ತಿರದ ನಗರದ ಮೂವತ್ತು ಹಾಸಿಗೆಗಳ ನರ್ಸಿಂಗ್ ಹೋಮ್ ಒಂದರ ಲೇಬರ್ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಕೈಗೆ 13,500 ರೂಪಾಯಿ ಬರುತ್ತದೆ. ಸೇರುವಾಗ ಎರಡು ವರ್ಷದ ಬಾಂಡಿಗೆ ಸಹಿ ಹಾಕಿಸಿಕೊಂಡು ಒರಿಜಿನಲ್ ಅಂಕಪಟ್ಟಿಗಳನ್ನು ಇಟ್ಟುಕೊಂಡಿದ್ದಾರೆ. ನಡುವೆ ಬಿಟ್ಟರೆ ಒಂದು ಲಕ್ಷ ಕಟ್ಟಬೇಕಂತೆ. ನನಗೆ ಹೆರಿಗೆ ಕೆಲಸ ಬಿಟ್ಟು ಬೇರೆ ವಾರ್ಡಿಗೆ ಹೋಗಲು ಮನಸ್ಸಿಲ್ಲ. ಆದರೆ ಅಪ್ಪ ಸರ್ಕಾರಿ ಪರೀಕ್ಷೆಗೆ ಓದು ಎನ್ನುತ್ತಾರೆ. ಹಿರಿಯ ಸಿಸ್ಟರ್ ಒಬ್ಬರು, ಸುಪ್ರೀಂ ಕೋರ್ಟ್ 20,000 ಕೊಡಲೇಬೇಕು ಎಂದು ಹೇಳಿದೆ, ಗಟ್ಟಿಯಾಗಿ ಕೇಳು ಎನ್ನುತ್ತಾರೆ. ಒಬ್ಬ ಏಜೆಂಟ್, ನಿಮ್ಮ ಸರ್ಟಿಫಿಕೇಟಿನಲ್ಲಿ ಮಿಡ್‌ವೈಫ್ (ಹೆರಿಗೆ ಮಾಡಿಸುವವಳು) ಎಂದೇ ಇದೆ, ಇಂಗ್ಲೆಂಡಿನಲ್ಲಿ ನೇರವಾಗಿ ಮಿಡ್‌ವೈಫ್ ಕೆಲಸ ಸಿಗುತ್ತದೆ, 40,000 ಮುಂಗಡ ಕೊಡಿ ಎಂದು ಫೋನ್ ಮಾಡುತ್ತಿದ್ದಾನೆ. ಎನ್.ಪಿ.ಎಂ. ಎಂಬ ಕೋರ್ಸ್ ಮಾಡಿದರೆ ಸಂಬಳ ಹೆಚ್ಚಾಗುತ್ತದೆಯೇ? ಯಾವುದನ್ನು ನಂಬಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೇಲ್ನೋಟಕ್ಕೆ ಇದು ಸಂಬಳದ ಪ್ರಶ್ನೆ; ಒಳಗೆ ಮೂರು ಆತಂಕಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಮಾಡುವ ಕೆಲಸಕ್ಕೆ ತಕ್ಕ ಹಣ ಬರುತ್ತಿಲ್ಲ ಎಂಬುದು ಮೊದಲನೆಯದು. ಹೆರಿಗೆ ಕೆಲಸವನ್ನೇ ಹಿಡಿದು ಕುಳಿತರೆ ಹತ್ತು ವರ್ಷದ ನಂತರವೂ ಇಲ್ಲೇ ಇರುತ್ತೇನೇನೋ ಎಂಬ ಭಯ ಎರಡನೆಯದು. ಸಹಿ ಹಾಕಿ ಸಿಕ್ಕಿಹಾಕಿಕೊಂಡೆ ಎಂಬ ಅಳುಕು ಮೂರನೆಯದು. ನಾನು ಹನ್ನೆರಡು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು, ಆಮೇಲೆ ಹತ್ತೊಂಬತ್ತು ವರ್ಷ ಪ್ರಸೂತಿ ಶುಶ್ರೂಷೆಯ ಪಾಠ ಹೇಳಿದವಳು. ಇದೇ ಪ್ರಶ್ನೆಗಳನ್ನು ಇಟ್ಟುಕೊಂಡು ಬಂದ ಹುಡುಗಿಯರು ನನ್ನ ಮುಂದೆ ಅನೇಕ ಸಲ ಕುಳಿತಿದ್ದಾರೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ಈ ಮೊದಲ ಎರಡು ವರ್ಷಗಳಲ್ಲಿ ನಿಮಗೆ ನಿಜವಾಗಿ ಸಂದಾಯವಾಗುತ್ತಿರುವುದು ಅನುಭವ. ಆ ಅನುಭವವು ಮುಂದಿನ ಬಾಗಿಲಲ್ಲಿ ಲೆಕ್ಕಕ್ಕೆ ಬರುವಂಥದ್ದೋ ಅಲ್ಲವೋ ಎಂಬುದನ್ನು ಸಂಬಳಕ್ಕಿಂತ ಮೊದಲು ನೋಡಿಕೊಳ್ಳಬೇಕು.

ಮೊದಲಿಗೆ ನಿಮ್ಮ ನೋಂದಣಿ ಪತ್ರದ ವಿಷಯ. ನಮ್ಮ ದೇಶದಲ್ಲಿ ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರಿಗೆ ನರ್ಸ್ ಮತ್ತು ಮಿಡ್‌ವೈಫ್ ಎಂಬ ಎರಡೂ ನೋಂದಣಿಗಳು ಒಟ್ಟಿಗೆ ಸಿಗುತ್ತವೆ. ಕಾಗದದ ಮೇಲೆ ನೀವು ಎರಡೂ ಹೌದು. ಆದರೆ ನೇಮಕಾತಿಯಲ್ಲಿ, ಹಾಜರಾತಿ ಪುಸ್ತಕದಲ್ಲಿ, ಸಂಬಳದ ಪಟ್ಟಿಯಲ್ಲಿ ನಿಮ್ಮ ಹುದ್ದೆಗೆ ಮಿಡ್‌ವೈಫ್ ಎಂಬ ಹೆಸರಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಾದರೆ ನೀವು ಶುಶ್ರೂಷಾಧಿಕಾರಿ, ಖಾಸಗಿಯಲ್ಲಾದರೆ ಸ್ಟಾಫ್ ನರ್ಸ್. ಹೆಸರಿಲ್ಲದ ಕೆಲಸಕ್ಕೆ ಪ್ರತ್ಯೇಕ ಸಂಬಳವೂ ಇರುವುದಿಲ್ಲ, ಪ್ರತ್ಯೇಕ ಬಡ್ತಿಯ ಏಣಿಯೂ ಇರುವುದಿಲ್ಲ. ಎರಡು ವರ್ಷದ ಎ.ಎನ್.ಎಂ. ತರಬೇತಿ ಪಡೆದು ಉಪಕೇಂದ್ರಗಳಲ್ಲಿ ದುಡಿಯುವ, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎನಿಸಿಕೊಂಡಿರುವ ಅಕ್ಕಂದಿರ ಸ್ಥಿತಿಯೂ ಬೇರೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಇದು ಸಂತೋಷದ ಸಂಗತಿಯೇ ಆದರೂ, ಉಪಕೇಂದ್ರದ ಅಕ್ಕನ ಹೆರಿಗೆಯ ಕೈ ಬಳಕೆಯಿಲ್ಲದೆ ಮರೆಯುತ್ತಾ ಬಂದಿದೆ.

ಇನ್ನು ನಿಮ್ಮ ಸಂಬಳ ಇಷ್ಟು ಕಡಿಮೆ ಏಕೆ ಎಂಬುದು. ಮಾಲೀಕರ ಜಿಪುಣತನ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಅರ್ಧ ಸತ್ಯವಷ್ಟೇ ಆಗುತ್ತದೆ. ಹಿಂದೆ ನನ್ನ ವಿದ್ಯಾರ್ಥಿನಿಯಾಗಿದ್ದ ಒಬ್ಬಳು, ತಾನೇ ಇಡೀ ರಾತ್ರಿ ನೋಡಿಕೊಂಡ ಚೊಚ್ಚಲ ಬಾಣಂತಿಯ ಬಿಲ್ಲಿನ ಪ್ರತಿಯನ್ನು, ಹೆಸರು ಮುಚ್ಚಿ, ನನಗೆ ತೋರಿಸಿದ್ದಳು. ರಾತ್ರಿ ಹತ್ತರಿಂದ ಬೆಳಗಿನ ಐದೂವರೆಯವರೆಗೆ ಅವಳು ಆ ತಾಯಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಹತ್ತು ನಿಮಿಷಕ್ಕೆ ಎಷ್ಟು ನೋವು ಬರುತ್ತಿದೆ, ಒಂದೊಂದು ಎಷ್ಟು ಸೆಕೆಂಡು ನಿಲ್ಲುತ್ತಿದೆ ಎಂದು ಗಡಿಯಾರ ನೋಡಿ ಎಣಿಸಿದ್ದಳು. ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಕೇಳಿ, ಹೆರಿಗೆ ಹೇಗೆ ಸಾಗುತ್ತಿದೆ ಎಂದು ತೋರಿಸುವ ಪಾರ್ಟೋಗ್ರಾಫ್ ಎಂಬ ನಕ್ಷೆಯಲ್ಲಿ ಚುಕ್ಕೆ ಇಟ್ಟಿದ್ದಳು. ಕಾಲು ಹಿಡಿದಾಗ ಕಾಲು ತಿಕ್ಕಿದ್ದಳು, ಬಾಯಿ ಒಣಗಿದಾಗ ನೀರು ಕೊಟ್ಟಿದ್ದಳು. ವೈದ್ಯರು ಕೊನೆಯ ಇಪ್ಪತ್ತು ನಿಮಿಷಕ್ಕೆ ಬಂದಿದ್ದರು. ಬಿಲ್ಲಿನಲ್ಲಿ ಹೆರಿಗೆ ಪ್ಯಾಕೇಜ್ ಎಂಬ ಒಂದು ದೊಡ್ಡ ಮೊತ್ತ, ಔಷಧಿ, ಲ್ಯಾಬ್, ಕೊಠಡಿ ಇದ್ದವು. ನರ್ಸಿಂಗ್ ಎಂಬ ಒಂದು ಸಾಲೂ ಇತ್ತು. ಆ ಹಣ ಆಸ್ಪತ್ರೆಯ ಲೆಕ್ಕಕ್ಕೆ ಸೇರುತ್ತದೆಯೇ ಹೊರತು ಅವಳ ಕೈಗಲ್ಲ. ಏಳೂವರೆ ಗಂಟೆಯ ಆ ಕಾವಲು ಆಸ್ಪತ್ರೆಗೆ ಬೇರೆ ಆದಾಯವಾಗಿ ಕಾಣುವುದಿಲ್ಲ. ಕಾಣದ ಕೆಲಸಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ.

ಸಿಸೇರಿಯನ್ ಹೆಚ್ಚಿದ್ದೂ ಇದಕ್ಕೆ ಸೇರಿಕೊಂಡಿದೆ. ಅದೇ ಸಮೀಕ್ಷೆಯಂತೆ ದೇಶದ ಒಟ್ಟು ಹೆರಿಗೆಗಳಲ್ಲಿ ಶೇ 21.5 ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಶೇ 14.3, ಖಾಸಗಿಯಲ್ಲಿ ಶೇ 47.4. ಅರ್ಧದಷ್ಟು ಹೆರಿಗೆಗಳು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಮುಗಿಯುವ ಕಡೆ, ಕಾದು ಕುಳಿತು ಸಹಜವಾಗಿ ಹೆರಿಗೆ ಮಾಡಿಸಬಲ್ಲ ಕೈಗೆ ಆಡಳಿತ ಮಂಡಳಿ ಹೆಚ್ಚು ಹಣ ಕೊಡಬೇಕೆಂದು ಯೋಚಿಸುವುದಾದರೂ ಏಕೆ?

ಇನ್ನೊಂದು ಕಾರಣ ನಮ್ಮೊಳಗೇ ಇದೆ. ಹೆರಿಗೆ ಮಾಡಿಸುವುದು ಪುಣ್ಯದ ಕೆಲಸ, ಅದಕ್ಕೆ ಕಾಸು ಕೇಳಬಾರದು ಎಂಬ ಭಾವನೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರಿಗೆ ನಾನು ಮನಸಾರೆ ಕೈಮುಗಿಯುತ್ತೇನೆ. ಆದರೆ ಮನೆ ಬಾಡಿಗೆ ಕಟ್ಟಿ, ಪಾಳಿಯಲ್ಲಿ ದುಡಿದು, ಒಂದು ಗೆರೆ ತಪ್ಪು ಬರೆದರೂ ಉತ್ತರ ಹೇಳಬೇಕಾದ ನೋಂದಾಯಿತ ವೃತ್ತಿನಿರತೆಯಿಂದ ಅದೇ ತ್ಯಾಗವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಸಂಬಳ ಕೇಳಲು ನಾಚಿಕೆಯಾಗುತ್ತದೆ ಎಂದು ಎಷ್ಟೋ ಹುಡುಗಿಯರು ನನ್ನ ಬಳಿ ಹೇಳಿದ್ದಾರೆ. ನಾಚಬೇಕಾದ ಸಂಗತಿ ಅದರಲ್ಲಿ ಏನೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ಕಾರಣ, ಅನುಭವ ಪತ್ರದ ಹಸಿವು. ಏಮ್ಸ್ ಪರೀಕ್ಷೆಗಾಗಲಿ ವಿದೇಶಕ್ಕಾಗಲಿ ಅನುಭವ ಬೇಕು. ಪ್ರತಿ ವರ್ಷ ನಮ್ಮ ರಾಜ್ಯದ ಕಾಲೇಜುಗಳಿಂದ ಹೊರಬರುವ ಹೊಸಬರೆಲ್ಲರಿಗೂ ಬೇಕು. ಎಷ್ಟು ಕೊಟ್ಟರೂ ಸೇರುವವರಿದ್ದಾರೆ ಎಂದು ಸಣ್ಣ ಆಸ್ಪತ್ರೆಗಳಿಗೆ ಗೊತ್ತು. ನಿಮ್ಮ ವಿಷಯದಲ್ಲಿ ನನಗೆ ಸಂಕಟವಾದದ್ದೂ ಇಲ್ಲಿಯೇ. ಏಮ್ಸ್ ಸಂಸ್ಥೆಗಳ ಶುಶ್ರೂಷಾಧಿಕಾರಿ ಹುದ್ದೆಗೆ ನಡೆಯುವ ನಾರ್ಸೆಟ್ ಪರೀಕ್ಷೆಗೆ ಜಿ.ಎನ್.ಎಂ. ಆದವರಿಗೆ ಎರಡು ವರ್ಷದ ಅನುಭವ ಬೇಕು. ಅದೂ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ. ನಿಮ್ಮ ನರ್ಸಿಂಗ್ ಹೋಮಿನಲ್ಲಿರುವುದು ಮೂವತ್ತು. ಅಲ್ಲಿ ಬಾಂಡಿನ ಎರಡು ವರ್ಷ ಪೂರ್ತಿ ದುಡಿದರೂ ಆ ಅರ್ಜಿಯ ಅನುಭವದ ಅಂಕಣದಲ್ಲಿ ಅದು ನಿಲ್ಲುವುದಿಲ್ಲ. ಕಡಿಮೆ ಸಂಬಳವನ್ನು ಅನುಭವಕ್ಕಾಗಿ ಸಹಿಸುತ್ತಿರುವವರಿಗೆ ಇದು ಮೊದಲೇ ತಿಳಿದಿರಬೇಕಿತ್ತು. ಕಾಲೇಜಿನಲ್ಲಿ ನಾವು ಶಿಕ್ಷಕಿಯರು ಹೇಳಿ ಕಳಿಸಬೇಕಿತ್ತು.

ಈಗ ನಿಮ್ಮ ಹಿರಿಯ ಸಿಸ್ಟರ್ ಹೇಳಿದ 20,000ದ ಮಾತು. ಅವರು ಸುಳ್ಳು ಹೇಳಿಲ್ಲ. ಪೂರ್ತಿ ಹೇಳಿಲ್ಲ, ಅಷ್ಟೇ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸ್ಥಿತಿಯ ಬಗ್ಗೆ ಭಾರತೀಯ ತರಬೇತಾದ ನರ್ಸ್‌ಗಳ ಸಂಘ ಹೂಡಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಒಂದು ಸಮಿತಿ ರಚಿಸಲು ಕೇಂದ್ರಕ್ಕೆ ಸೂಚಿಸಿತು. ಆ ಸಮಿತಿಯು 200ಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು, 100ರಿಂದ 200 ಹಾಸಿಗೆಗಳಲ್ಲಿ ಅದಕ್ಕಿಂತ ಶೇ 10ಕ್ಕೂ ಹೆಚ್ಚು ಕಡಿಮೆಯಾಗಬಾರದು, 50ರಿಂದ 100ರಲ್ಲಿ ಶೇ 25ಕ್ಕೂ ಹೆಚ್ಚು ಕಡಿಮೆಯಾಗಬಾರದು, 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದರೆ ತಿಂಗಳಿಗೆ 20,000ಕ್ಕೆ ಇಳಿಯಬಾರದು ಎಂದು ಶಿಫಾರಸು ಮಾಡಿತು. ಅದು ಶಿಫಾರಸು, ಜಾರಿಗೆ ತರುವ ಹೊಣೆ ರಾಜ್ಯಗಳ ಮೇಲೆ ಬಿತ್ತು. ಕೇರಳದಲ್ಲಿ ನರ್ಸ್‌ಗಳು ದೀರ್ಘ ಹೋರಾಟ ನಡೆಸಿ, 2018ರಲ್ಲಿ 20,000ದಿಂದ ಆರಂಭವಾಗುವ ಕನಿಷ್ಠ ವೇತನದ ಅಧಿಸೂಚನೆಯನ್ನು ಪಡೆದರು. ನಿಮ್ಮ ಮಾಲೀಕರ ಮುಂದೆ ಸುಪ್ರೀಂ ಕೋರ್ಟಿನ ಹೆಸರು ಹೇಳಿ ನಾಳೆಯೇ 20,000 ಪಡೆಯಲು ಬರುವುದಿಲ್ಲ. ಆದರೆ ಸಂಬಳ ಹೆಚ್ಚಿಸುವಂತೆ ಬರೆಯುವ ಅರ್ಜಿಯಲ್ಲಿ ಆ ಶಿಫಾರಸನ್ನು ಉಲ್ಲೇಖಿಸುವುದು ಖಂಡಿತ ಸರಿ.

ಅದಕ್ಕಿಂತ ಗಟ್ಟಿಯಾಗಿ ಕೇಳಬಹುದಾದವು ಬೇರೆ ಇವೆ. ಆಸ್ಪತ್ರೆ ಮತ್ತು ನರ್ಸಿಂಗ್ ಹೋಮ್‌ಗಳು ನಮ್ಮ ರಾಜ್ಯದ ಕನಿಷ್ಠ ವೇತನದ ಪಟ್ಟಿಯಲ್ಲಿವೆ. ಅದರ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕರಣೆಯಾಗುತ್ತದೆ. ನಿಮ್ಮ ಊರಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಈ ವರ್ಷದ ದರ ಕೇಳಿಕೊಳ್ಳಿ. ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ, 21,000ದವರೆಗೆ ಸಂಬಳ ಇರುವವರಿಗೆ ಇ.ಎಸ್.ಐ. (ನೌಕರರ ವಿಮೆ) ಇರಬೇಕು, ಇಪ್ಪತ್ತು ಜನರಿದ್ದರೆ ಪಿ.ಎಫ್. ಇರಬೇಕು. ನಿಮ್ಮ ಸಂಬಳದ ಚೀಟಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಇ.ಎಸ್.ಐ.ಗೆ ನೌಕರರ ಪಾಲು ಶೇ 0.75, ಎಂದರೆ ನಿಮಗೆ ತಿಂಗಳಿಗೆ ನೂರು ರೂಪಾಯಿಯ ಆಸುಪಾಸು. ಅದಕ್ಕಿಂತ ಬಹಳ ಹೆಚ್ಚು ಕಡಿತವಾಗಿದ್ದರೆ ಮಾಲೀಕರ ಪಾಲಿನ ಶೇ 3.25ನ್ನೂ ನಿಮ್ಮಿಂದಲೇ ಕಳೆಯುತ್ತಿದ್ದಾರೆಯೇ ಎಂದು ಕೇಳಿ. ಅದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ಚೀಟಿಯೇ ಕೊಡುತ್ತಿಲ್ಲವೆಂದಾದರೆ ಮೊದಲು ಅದನ್ನು ಕೇಳಿ ಪಡೆಯಿರಿ. ಮುಂದೆ ಅನುಭವ ಪತ್ರವನ್ನು ಯಾರಾದರೂ ಅನುಮಾನಿಸಿದರೆ, ಬ್ಯಾಂಕ್ ಪಾಸ್‌ಬುಕ್ ಮತ್ತು ಪಿ.ಎಫ್. ಖಾತೆ ನಿಮ್ಮ ಪರವಾಗಿ ನಿಲ್ಲುತ್ತವೆ.

ಬಾಂಡಿನ ಬಗ್ಗೆ ಎರಡು ತಪ್ಪು ಕಲ್ಪನೆಗಳು ಹರಡಿವೆ. ಒಂದು, ಬಾಂಡ್ ಮುರಿದರೆ ಪೊಲೀಸರು ಹಿಡಿಯುತ್ತಾರೆ ಎಂಬುದು. ಇದು ಸಿವಿಲ್ ಒಪ್ಪಂದ. ಕೆಲಸ ಬಿಟ್ಟ ಮಾತ್ರಕ್ಕೆ ಯಾರೂ ನಿಮ್ಮನ್ನು ಬಂಧಿಸಲಾರರು. ಎರಡನೆಯದು, ಬಾಂಡಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ, ಹರಿದು ಬಿಸಾಕಿ ಹೋಗಬಹುದು ಎಂಬುದು. ಇದನ್ನೂ ನಂಬಬೇಡಿ. 2025ರ ಮೇ ತಿಂಗಳಲ್ಲಿ ಸರ್ಕಾರಿ ಬ್ಯಾಂಕೊಂದರ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂತಿಷ್ಟು ವರ್ಷ ದುಡಿಯಬೇಕು, ಇಲ್ಲವಾದರೆ ಹಣ ಕಟ್ಟಬೇಕು ಎಂಬ ಷರತ್ತನ್ನು ಎತ್ತಿಹಿಡಿದಿದೆ. ಆದರೆ ಅಲ್ಲಿ ಬ್ಯಾಂಕು ದೊಡ್ಡ ಮಟ್ಟದ ನೇಮಕಾತಿ ಪ್ರಕ್ರಿಯೆಯ ವೆಚ್ಚವನ್ನು ಮುಂದಿಟ್ಟಿತ್ತು. 1872ರ ಕರಾರು ಕಾಯಿದೆಯ 74ನೇ ಕಲಮಿನಂತೆ, ಬರೆದ ಮೊತ್ತ ಎಷ್ಟೇ ಇದ್ದರೂ ಸಿಗುವುದು ಆ ಮೊತ್ತವನ್ನು ಮೀರದ, ಸಮಂಜಸವಾದ ಪರಿಹಾರ ಮಾತ್ರ. ತಿಂಗಳಿಗೆ 13,500 ಕೊಟ್ಟು, ಬೇರೆ ತರಬೇತಿಗೆ ಹಣ ಹಾಕದ ನರ್ಸಿಂಗ್ ಹೋಮ್ ಒಂದು ಲಕ್ಷದ ನಷ್ಟವನ್ನು ತೋರಿಸುವುದು ಸುಲಭವಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತುಕತೆಗೆ ಕುಳಿತುಕೊಳ್ಳಿ; ಜಗಳಕ್ಕಲ್ಲ.

ಒರಿಜಿನಲ್ ಅಂಕಪಟ್ಟಿಗಳು ಮಾತ್ರ ಬೇರೆ ವಿಷಯ. ಅವು ನಿಮ್ಮ ಸ್ವತ್ತು. ಪರಿಶೀಲಿಸಿ ಹಿಂದಿರುಗಿಸಬಹುದೇ ಹೊರತು ಒತ್ತೆ ಇಟ್ಟುಕೊಳ್ಳುವ ಹಕ್ಕು ಯಾವ ಆಸ್ಪತ್ರೆಗೂ ಇಲ್ಲ. ಯಾವ ಯಾವ ದಾಖಲೆ, ಎಷ್ಟು ಹಾಳೆ, ಯಾವ ದಿನ ಕೊಟ್ಟೆ ಎಂದು ಬರೆದು, ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಗೆ ಬೇಕಾಗಿವೆ ಎಂದು ತಿಳಿಸಿ, ಒಂದು ಪತ್ರ ಕೊಟ್ಟು ಇನ್ನೊಂದು ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಸ್ವೀಕರಿಸದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಬಹಳಷ್ಟು ಕಡೆ ಇಷ್ಟಕ್ಕೇ ಕಾಗದಗಳು ಹಿಂದಿರುಗಿ ಬಂದದ್ದನ್ನು ನೋಡಿದ್ದೇನೆ. ಬರದಿದ್ದರೆ ಕಾರ್ಮಿಕ ಅಧಿಕಾರಿಗೂ ಜಿಲ್ಲಾ ಆರೋಗ್ಯಾಧಿಕಾರಿಗೂ ದೂರು ಕೊಡಿ. ಮುಂದೆ ಎಲ್ಲಿ ಸೇರಿದರೂ ಒರಿಜಿನಲ್ ಆಗಲಿ, ಸಹಿ ಹಾಕಿದ ಖಾಲಿ ಚೆಕ್ ಆಗಲಿ ಕೊಡಬೇಡಿ.

ಇನ್ನು ದಾರಿಗಳು. ಅಪ್ಪ ಹೇಳಿದ ಸರ್ಕಾರಿ ನೌಕರಿಯನ್ನು ಹೆರಿಗೆ ಕೆಲಸಕ್ಕೆ ವಿರುದ್ಧವೆಂದು ನೀವು ಭಾವಿಸಿದಂತಿದೆ. ನನ್ನ ಅಭಿಪ್ರಾಯದಲ್ಲಿ ಹಾಗಲ್ಲ. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದಾಗ ರಾಜ್ಯ ಸರ್ಕಾರದ ಅತ್ಯಂತ ಕೆಳಗಿನ ಹುದ್ದೆಯ ಮೂಲ ವೇತನವೇ 17,000ದಿಂದ 27,000ಕ್ಕೆ ಏರಿತು. ಶುಶ್ರೂಷಾಧಿಕಾರಿಯ ಶ್ರೇಣಿ ಅದಕ್ಕಿಂತ ಸಾಕಷ್ಟು ಮೇಲಿದೆ. ಕೊಪ್ಪಳದವರಾದ ನಿಮಗೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಮೀಸಲಾತಿ ಅನ್ವಯಿಸುತ್ತದೆ. ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಸಿ ಗುಂಪಿನ ಹುದ್ದೆಗಳ ಶೇ 80 ಸ್ಥಳೀಯರಿಗೆ ಮೀಸಲು, ಉಳಿದ ಭಾಗದಲ್ಲೂ ಶೇ 8 ಇದೆ. ಸಹಾಯಕ ಆಯುಕ್ತರ ಕಚೇರಿಯಿಂದ ಅದರ ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಮಾಡಿಸಿ ಇಟ್ಟುಕೊಳ್ಳಿ. ಅಧಿಸೂಚನೆ ಬಂದ ಮೇಲೆ ಓಡಾಡಿದವರು ಕೊನೆಯ ದಿನ ಕಣ್ಣೀರು ಹಾಕಿದ್ದುಂಟು. ಕೇಂದ್ರದ ಕಡೆ, ಏಮ್ಸ್ ಶುಶ್ರೂಷಾಧಿಕಾರಿಯ ಆರಂಭಿಕ ಮೂಲ ವೇತನ 44,900 ರೂಪಾಯಿ. ರೈಲ್ವೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಹುದ್ದೆಗೂ ಮೂಲ ವೇತನ ಅಷ್ಟೇ. ಹಿಂದಿನ ನೇಮಕಾತಿಯಲ್ಲಿ ಅದಕ್ಕೆ ಜಿ.ಎನ್.ಎಂ. ಮತ್ತು ನೋಂದಣಿ ಸಾಕಾಗಿತ್ತು, ಅನುಭವ ಕೇಳಿರಲಿಲ್ಲ. ಆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಬಹಳ ಹುಡುಗಿಯರು ಇದನ್ನು ಗಮನಿಸುವುದೇ ಇಲ್ಲ.

ಸರ್ಕಾರಿ ಹುದ್ದೆಯ ಅಪಾಯವನ್ನೂ ಹೇಳಬೇಕು. ನೀವು ಶುಶ್ರೂಷಾಧಿಕಾರಿ, ಹೆರಿಗೆ ವಾರ್ಡಿನಲ್ಲಿ ಪಳಗುವಷ್ಟರಲ್ಲಿ ಮೂಳೆ ವಾರ್ಡಿಗೋ ತುರ್ತು ಘಟಕಕ್ಕೋ ಹಾಕಬಹುದು. ಹಿರಿಯ ಶುಶ್ರೂಷಾಧಿಕಾರಿ, ಆಮೇಲೆ ಶುಶ್ರೂಷಾ ಅಧೀಕ್ಷಕಿ ಎಂಬ ಏಣಿ ಸೇವಾ ಹಿರಿತನದ ಮೇಲೆ, ನಿಧಾನವಾಗಿ ಸಾಗುತ್ತದೆ. ಮೇಲೆ ಹೋದಷ್ಟೂ ಕೈ ಹೆರಿಗೆಯಿಂದ ದೂರವಾಗಿ ಪಾಳಿ ಪಟ್ಟಿ, ದಾಸ್ತಾನು ಪುಸ್ತಕಗಳ ಕಡೆಗೆ ಹೊರಳುತ್ತದೆ. ಎಷ್ಟು ಹೆರಿಗೆಗಳನ್ನು ಸುರಕ್ಷಿತವಾಗಿ ಮಾಡಿಸಿದಿರಿ ಎಂಬುದು ಬಡ್ತಿಯಲ್ಲಿ ಎಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ನನ್ನ ವೃತ್ತಿಜೀವನದ ದೊಡ್ಡ ಬೇಸರ ಇದೇ.

ಎನ್.ಪಿ.ಎಂ. ಕೋರ್ಸ್, ಎಂದರೆ ಮಿಡ್‌ವೈಫರಿಯಲ್ಲಿ ನರ್ಸ್ ಪ್ರಾಕ್ಟೀಷನರ್ ತರಬೇತಿ, ಈ ಬೇಸರಕ್ಕೆ ಉತ್ತರವಾಗಬೇಕೆಂದೇ ಹುಟ್ಟಿದ್ದು. ಕೇಂದ್ರ ಸರ್ಕಾರ 2018ರ ಡಿಸೆಂಬರಿನಲ್ಲಿ ಮಿಡ್‌ವೈಫರಿ ಸೇವೆಗಳ ಮಾರ್ಗಸೂಚಿಯನ್ನು ಹೊರತಂದಿತು. ಅದಕ್ಕೂ ಮೊದಲು, 2017ರಲ್ಲಿ, ತೆಲಂಗಾಣವು ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆಯ ನೆರವಿನಿಂದ ಕರೀಂನಗರದಲ್ಲಿ ಇಂಥ ತರಬೇತಿ ಆರಂಭಿಸಿತ್ತು. ಅವಧಿ 18 ತಿಂಗಳು: ಒಂದು ವರ್ಷ ಕಲಿಕೆ, ಆರು ತಿಂಗಳು ಇಂಟರ್ನ್‌ಶಿಪ್. ಹದಿನೆಂಟೇ ಏಕೆಂದರೆ, ನರ್ಸಿಂಗ್ ಆದವರಿಗೆ ಮಿಡ್‌ವೈಫರಿಯನ್ನು ಕನಿಷ್ಠ 18 ತಿಂಗಳು ಕಲಿಸಬೇಕೆಂಬುದು ಮಿಡ್‌ವೈಫ್‌ಗಳ ಅಂತರರಾಷ್ಟ್ರೀಯ ಒಕ್ಕೂಟದ ಮಾನದಂಡ. ತರಬೇತಾದವರು ಮಿಡ್‌ವೈಫ್ ನೇತೃತ್ವದ ಆರೈಕೆ ಘಟಕಗಳಲ್ಲಿ ತೊಡಕಿಲ್ಲದ ಹೆರಿಗೆಗಳನ್ನು ತಮ್ಮ ಹೊಣೆಯಲ್ಲೇ ನಡೆಸುತ್ತಾರೆ; ತೊಡಕು ಕಂಡರೆ ವೈದ್ಯರಿಗೆ ಒಪ್ಪಿಸುತ್ತಾರೆ.

ನೀವು ಕೇಳಿದ ಪ್ರಶ್ನೆಗೆ ನೇರ ಉತ್ತರ: ಈ ಕೋರ್ಸ್ ಮುಗಿಸಿದ ಮಾತ್ರಕ್ಕೆ ವೇತನ ಶ್ರೇಣಿ ತಾನಾಗಿ ಬದಲಾಗುವುದಿಲ್ಲ. 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯಿದೆಯು 1947ರ ಹಳೆಯ ಕಾನೂನಿನ ಜಾಗಕ್ಕೆ ಬರಲೆಂದು ರಚನೆಯಾದದ್ದು. ಮಿಡ್‌ವೈಫರಿಯನ್ನು ಅದು ಹೆಸರಿಟ್ಟು ಗುರುತಿಸಿದೆ. ಸಂಬಳವನ್ನು ನಿಗದಿ ಮಾಡಿಲ್ಲ. ಜೊತೆಗೆ ಮಾರ್ಗಸೂಚಿಯಂತೆ ಈ ತರಬೇತಿಗೆ ಹೆರಿಗೆಯಲ್ಲಿ ಎರಡು ವರ್ಷದ ಅನುಭವವಿರುವ, ಸರ್ಕಾರಿ ಸೇವೆಯಲ್ಲಿರುವ ನರ್ಸ್‌ಗಳನ್ನು ಆರಿಸುತ್ತಾರೆ. ಅವರಿಗೆ ತರಬೇತಿಯ ಕಾಲದಲ್ಲಿ ಸಂಬಳವೂ ನಡೆಯುತ್ತದೆ. ಹೀಗಾಗಿ ಸರ್ಕಾರಿ ನೌಕರಿ ಮತ್ತು ಮಿಡ್‌ವೈಫರಿ ಎರಡು ಬೇರೆ ದಾರಿಗಳಲ್ಲ. ಮೊದಲನೆಯದರ ಮೂಲಕವೇ ಎರಡನೆಯದಕ್ಕೆ ಹೋಗಬೇಕು. ಅಪ್ಪನ ಮಾತನ್ನು ನಾನು ಬೆಂಬಲಿಸುತ್ತಿರುವುದು ಈ ಕಾರಣಕ್ಕೆ. ಹಣ ಕಟ್ಟಿಸಿಕೊಂಡು ಕೆಲವೇ ತಿಂಗಳಲ್ಲಿ ಮಿಡ್‌ವೈಫ್ ಸರ್ಟಿಫಿಕೇಟ್ ಕೊಡುತ್ತೇವೆ ಎನ್ನುವ ಜಾಹೀರಾತುಗಳನ್ನು ನಂಬಬೇಡಿ. ನಿಮಗೆ ಈಗಾಗಲೇ ಇರುವ ನೋಂದಣಿಗೆ ಅದು ಏನನ್ನೂ ಸೇರಿಸುವುದಿಲ್ಲ.

ಅಲ್ಲಿಯವರೆಗೆ ಏನು ಮಾಡಬೇಕು? ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಗುತ್ತಿಗೆ ಶುಶ್ರೂಷಾಧಿಕಾರಿಯ ಜಾಗ ಸಿಕ್ಕರೆ ನಿಮ್ಮ ಸ್ಥಿತಿಯಲ್ಲಿ ಅದೇ ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ. ಹಾಸಿಗೆಗಳ ಸಂಖ್ಯೆಯ ತೊಡಕಿರುವುದಿಲ್ಲ, ಒಂದೇ ತಿಂಗಳಲ್ಲಿ ನರ್ಸಿಂಗ್ ಹೋಮಿನ ಆರು ತಿಂಗಳಷ್ಟು ಹೆರಿಗೆಗಳನ್ನು ಕಾಣುತ್ತೀರಿ, ಅಧಿಕ ರಕ್ತಸ್ರಾವ, ಬಸುರಿಯರಿಗೆ ಬರುವ ಫಿಟ್ಸ್, ಉಸಿರಾಡದ ಕೂಸು ಇವನ್ನೆಲ್ಲ ಹಿರಿಯರ ಪಕ್ಕದಲ್ಲಿ ನಿಂತು ಎದುರಿಸಲು ಕಲಿಯುತ್ತೀರಿ. ಗುತ್ತಿಗೆ ಪ್ರತಿ ವರ್ಷ ನವೀಕರಣವಾಗಬೇಕು, ಸಂಬಳ ಕೆಲವೊಮ್ಮೆ ತಡವಾಗುತ್ತದೆ, ಕಾಯಂ ಆಗುವ ಭರವಸೆಯಿಲ್ಲ ಎಂಬುದು ಅದರ ಕೊರತೆ. ಅದು ಸಿಗದಿದ್ದರೆ ಐವತ್ತಕ್ಕೂ ಹೆಚ್ಚು ಹಾಸಿಗೆಗಳ, ಹೆರಿಗೆ ಹೆಚ್ಚು ನಡೆಯುವ ಖಾಸಗಿ ಆಸ್ಪತ್ರೆ. ಅಲ್ಲಿ ಸಂದರ್ಶನಕ್ಕೆ ಹೋದಾಗ ಸಂಬಳದ ಜೊತೆಗೆ ಇನ್ನೊಂದನ್ನು ಕೇಳಿ: ಸಹಜ ಹೆರಿಗೆಯನ್ನು ಸಿಸ್ಟರ್‌ಗಳ ಕೈಯಲ್ಲಿ ಮಾಡಿಸುತ್ತೀರೋ, ಇಲ್ಲ ಅವರು ಟ್ರೇ ಹಿಡಿದು ನಿಲ್ಲಬೇಕೋ? ಸಾವಿರ ಎರಡು ಸಾವಿರ ಹೆಚ್ಚು ಕೊಟ್ಟು ಟ್ರೇ ಹಿಡಿಸುವ ಕಡೆಗೆ, ನಿಮ್ಮಂಥವರು, ಹೋಗಬಾರದು.

ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. 2018ರ ಕೇಂದ್ರದ ಮಾರ್ಗಸೂಚಿಯಂತೆ ಅದಕ್ಕೆ ತಿಂಗಳಿಗೆ 25,000 ಮತ್ತು ಕಾರ್ಯನಿರ್ವಹಣೆಯ ಮೇಲೆ 15,000ದವರೆಗೆ ಪ್ರೋತ್ಸಾಹಧನ ಇದೆ. ಹಣ ಪರವಾಗಿಲ್ಲ, ಕೆಲಸ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆಯದ್ದು, ಹೆರಿಗೆಯದ್ದಲ್ಲ. ಓದು ಮುಂದುವರಿಸುವುದಾದರೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ., ಆಮೇಲೆ ಪ್ರಸೂತಿ ವಿಷಯದಲ್ಲಿ ಎಂ.ಎಸ್ಸಿ. ಮಾಡಿ ಬೋಧನೆಗೆ ಬರಬಹುದು. ಕೈ ಪಳಗುವ ಮೊದಲೇ ಪಾಠ ಹೇಳಲು ಬಂದವರನ್ನು ನಾನು ಕಂಡಿದ್ದೇನೆ. ಆ ದಾರಿಗೆ ಅವಸರ ಬೇಡ.

ಕೊನೆಗೆ ಇಂಗ್ಲೆಂಡ್. ಏಜೆಂಟ್ ಹೇಳಿದ್ದು ನಿಮ್ಮ ದಾರಿ ತಪ್ಪಿಸುವ ಮಾತು. ಬ್ರಿಟನ್ನಿನಲ್ಲಿ ನರ್ಸ್ ನೋಂದಣಿ ಬೇರೆ, ಮಿಡ್‌ವೈಫ್ ನೋಂದಣಿ ಬೇರೆ, ಎರಡರ ಪರೀಕ್ಷೆಗಳೂ ಬೇರೆ. ಅಲ್ಲಿ ನೋಂದಾಯಿತ ಮಿಡ್‌ವೈಫ್ ಅಥವಾ ವೈದ್ಯರಲ್ಲದವರು ಹೆರಿಗೆ ನಡೆಸುವುದು, ತುರ್ತು ಸಂದರ್ಭ ಮತ್ತು ತರಬೇತಿಯಲ್ಲಿರುವವರನ್ನು ಬಿಟ್ಟು, ಅಪರಾಧ. ನಮ್ಮವರಲ್ಲಿ ಹೆಚ್ಚಿನವರು ಹೋಗುವುದು ನರ್ಸ್ ಆಗಿ; ಹೋದ ಮೇಲೆ ವೃದ್ಧರ ವಾರ್ಡಿನಲ್ಲೋ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲೋ ದುಡಿಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ನೀವು ಬಯಸಿದ ಕೆಲಸ ಅದಲ್ಲ. ಸಂಬಳದ ಲೆಕ್ಕ ಹೀಗಿದೆ: ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಹೊಸ ಮಿಡ್‌ವೈಫ್ ಐದನೇ ಬ್ಯಾಂಡಿನಲ್ಲಿ, ಎಂದರೆ ಐದನೇ ವೇತನ ಶ್ರೇಣಿಯಲ್ಲಿ, ಆರಂಭಿಸುತ್ತಾಳೆ. 2025–26ರಲ್ಲಿ ಅದು ವರ್ಷಕ್ಕೆ 31,049 ಪೌಂಡ್, ತೆರಿಗೆ ಕಳೆಯುವ ಮೊದಲು ತಿಂಗಳಿಗೆ ಸುಮಾರು 2,587. ಹಿರಿಯರ ಮಾರ್ಗದರ್ಶನದಲ್ಲಿ ಸಾಮಾನ್ಯವಾಗಿ ಒಂದು ವರ್ಷ ದುಡಿದು ಕೌಶಲ ತೋರಿಸಿದ ಮೇಲೆ ಆರನೇ ಬ್ಯಾಂಡಿಗೆ, 38,682 ಪೌಂಡಿಗೆ ಏರುತ್ತಾಳೆ. ಕೆಲಸ ಕಲಿತಿದ್ದಾಳೆ ಎಂಬ ಒಂದೇ ಕಾರಣಕ್ಕೆ ಸಿಗುವ ಆ ಮೆಟ್ಟಿಲು ನಮ್ಮಲ್ಲೂ ಇರಬೇಕಿತ್ತು ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ. ಆದರೆ ಅಲ್ಲೂ ಈಗ ಹೊಸಬರಿಗೆ ಜಾಗವಿಲ್ಲದೆ, 2025ರ ಆಗಸ್ಟಿನಲ್ಲಿ ಅಲ್ಲಿನ ಸರ್ಕಾರವೇ ಹೊಸ ನರ್ಸ್ ಮತ್ತು ಮಿಡ್‌ವೈಫ್‌ಗಳಿಗೆ ಉದ್ಯೋಗ ಖಾತರಿಯ ಯೋಜನೆ ಪ್ರಕಟಿಸಬೇಕಾಯಿತು.

ಬ್ರಿಟನ್ನಿನ ನೈತಿಕ ನೇಮಕಾತಿ ಸಂಹಿತೆಯಂತೆ ಏಜೆಂಟರು ಅಭ್ಯರ್ಥಿಯಿಂದ ನೇಮಕಾತಿ ಶುಲ್ಕ ಪಡೆಯುವಂತಿಲ್ಲ. ನಮ್ಮ ದೇಶದ ನಿಯಮದಂತೆ ನೋಂದಾಯಿತ ಏಜೆಂಟರು ಪಡೆಯಬಹುದಾದ ಗರಿಷ್ಠ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. 40,000 ಮುಂಗಡ ಎರಡು ಲೆಕ್ಕದಲ್ಲೂ ತಪ್ಪು, ಕೊಡಬೇಡಿ. ಮುಂದೆ ಎಂದಾದರೂ ಹೋಗುವ ಮನಸ್ಸಾದರೆ ಕರ್ನಾಟಕ ವೃತ್ತಿ ತರಬೇತಿ ಮತ್ತು ಕೌಶಲ್ಯ ಅಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರವನ್ನು ಮೊದಲು ವಿಚಾರಿಸಿ.

ಈ ತಿಂಗಳು ನೀವು ಮಾಡಬೇಕಾದದ್ದು ಇಷ್ಟು. ಅಂಕಪಟ್ಟಿಗಳಿಗಾಗಿ ಪತ್ರ ಕೊಡಿ. ಒಂದು ವರ್ಷ ತುಂಬುವ ದಿನ ಸಂಬಳ ಹೆಚ್ಚಿಸುವಂತೆ ಲಿಖಿತವಾಗಿ ಕೇಳಿ. ಒಪ್ಪದಿದ್ದರೆ, ತಿಂಗಳ ನೋಟಿಸ್ ಕೊಟ್ಟು ಬಿಡುತ್ತೇನೆ, ಬದಲಿ ಸಿಸ್ಟರ್‌ಗೆ ಕೆಲಸ ತೋರಿಸಿಕೊಟ್ಟು ಹೋಗುತ್ತೇನೆ, ಬಾಂಡಿನ ಮೊತ್ತ ಬಿಡಿ ಎಂದು ಮಾತಾಡಿ. ಬೇಕಾದರೆ ಅಪ್ಪನನ್ನೂ ಕರೆದುಕೊಂಡು ಹೋಗಿ. ಮತ್ತೆ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು, ಕಾಲೇಜಿನಲ್ಲಿ ಕೇಸ್ ಬುಕ್ ಬರೆದ ಹಾಗೆ, ಈವರೆಗೆ ನೀವು ನೋಡಿಕೊಂಡ ಹೆರಿಗೆಗಳನ್ನೆಲ್ಲ ಲೇಬರ್ ರಿಜಿಸ್ಟರಿನ ಆಧಾರದಲ್ಲಿ ಬರೆಯಿರಿ: ದಿನಾಂಕ, ರಿಜಿಸ್ಟರಿನ ಕ್ರಮಸಂಖ್ಯೆ, ಚೊಚ್ಚಲವೋ ಅಲ್ಲವೋ, ನೀವೇ ಮಾಡಿಸಿದಿರೋ ನೆರವಾದಿರೋ, ಹೊಲಿಗೆ ಹಾಕಿದಿರೋ, ಕೂಸಿನ ತೂಕ, ಎದುರಾದ ತೊಡಕು. ತಾಯಂದಿರ ಹೆಸರು, ಫೋನ್ ನಂಬರ್ ಬರೆಯಬೇಡಿ. ಅದು ಅವರ ಖಾಸಗಿ ವಿಷಯ. ಪ್ರತಿ ತಿಂಗಳ ಕೊನೆಗೆ ವೈದ್ಯರಿಂದಲೋ ಇನ್‌ಚಾರ್ಜ್ ಸಿಸ್ಟರ್‌ರಿಂದಲೋ ಒಂದು ಸಹಿ ಹಾಕಿಸಿಕೊಳ್ಳಿ. ಬಿಡುವಾಗ ಪಡೆಯುವ ಅನುಭವ ಪತ್ರದಲ್ಲಿ ಸ್ಟಾಫ್ ನರ್ಸ್ ಎಂಬ ಎರಡು ಪದಗಳಿಗೆ ತೃಪ್ತರಾಗದೆ, ಹೆರಿಗೆ ವಿಭಾಗ, ಸೇರಿದ ಮತ್ತು ಬಿಟ್ಟ ದಿನಾಂಕ, ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆ, ನೋಂದಣಿ ಸಂಖ್ಯೆ, ನೀವು ಮಾಡಿಸಿದ ಹೆರಿಗೆಗಳ ಒಟ್ಟು ಲೆಕ್ಕ ಇವೆಲ್ಲ ಇರುವಂತೆ ನೀವೇ ಕರಡು ಬರೆದುಕೊಂಡು ಹೋಗಿ ಕೊಡಿ. ಹನ್ನೊಂದು ತಿಂಗಳ ಹಿಂದಿನ ಪುಟಗಳಿಂದ ಶುರುಮಾಡಿ. ಹಳೆಯ ರಿಜಿಸ್ಟರ್ ತುಂಬಿ ಸ್ಟೋರ್ ರೂಮಿಗೆ ಹೋದರೆ ಆಮೇಲೆ ಹುಡುಕುವುದು ಕಷ್ಟ.